ರೋಡಿಯೋ ಫೋಟೋ: ಬ್ಯಾರೆಲ್ ರೇಸಿಂಗ್‌ನಿಂದ ಶುರು ಮಾಡಿ

ಟೆಕ್ಸಸ್‌ನಲ್ಲಿದ್ದೀನಿ, ರೋಡಿಯೋ (ಕುದುರೆ, ಗೂಳಿ ಸವಾರಿಯ ಪಂದ್ಯಗಳು) ಫೋಟೋಗಳಿಂದ ಸಣ್ಣ ವ್ಯಾಪಾರ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಎಚ್-1ಬಿ ವೀಸಾ ಆದರೆ ಮಾತ್ರ ಮೊದಲು ವಕೀಲರನ್ನು ಕೇಳಿ, ಅದರಲ್ಲಿ ವೀಸಾ ಕೊಡಿಸಿದ ಕಂಪನಿಯ ಕೆಲಸ ಬಿಟ್ಟು ಹೊರಗಿನ ದುಡಿಮೆಗೆ ಅವಕಾಶವಿಲ್ಲ.

ಗೂಳಿ ಮೇಲೆ 8 ಸೆಕೆಂಡ್ ಕೂತಿರಬೇಕಾದ ಬುಲ್ ರೈಡಿಂಗ್ ಎಲ್ಲರನ್ನೂ ಸೆಳೆಯುತ್ತದೆ. ಆದರೆ ನೀವು ಬ್ಯಾರೆಲ್ ರೇಸಿಂಗ್‌ನಿಂದ ಶುರು ಮಾಡಿ. ಅದರಲ್ಲಿ ಮೂರು ಪೀಪಾಯಿ ಸುತ್ತುವ ಕುದುರೆ ಎಲ್ಲಿ ತಿರುಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಅಲ್ವಾ? ಅಲ್ಲೇ ಫೋಕಸ್ ಇಟ್ಟು ಕಾಯಿರಿ. ಕುದುರೆ ಪೂರ್ತಿ ವಾಲಿರುತ್ತದೆ, ಗೊರಸಿನಿಂದ ಮಣ್ಣು ಸಿಡಿಯುತ್ತದೆ, ಸವಾರಳ ಕಣ್ಣು ಆಗಲೇ ಮುಂದಿನ ಪೀಪಾಯಿ ಮೇಲಿರುತ್ತದೆ. ಎಂಥಾ ಚಂದ ಅದು! ಶಟರ್ ವೇಗ 1/1000 ಸೆಕೆಂಡ್ ಇರಲಿ.

ಇಂಥ ಫೋಟೋ ಜಾಸ್ತಿ ಕೊಳ್ಳುವವರು ಸವಾರರ ಮನೆಯವರೇ. ಹಾಗಾಗಿ ಹತ್ತಿರದ ಮಕ್ಕಳ ರೋಡಿಯೋಗೆ ಹೋಗಿ, ಆಯೋಜಕರ ಅನುಮತಿ ಪಡೆದು ತೆಗೆಯಿರಿ. ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಹಾಕಿ.