ಐಫೆಲ್ ಜ್ವಾಲಾಮುಖಿ ಸೀಮೆ: ತಲೆ ಎತ್ತಬೇಡಿ, ಬಗ್ಗಿ ನೋಡಿ

ಮಂಡ್ಯದಿಂದ ಕೇಳಿದ್ದೀರಿ: ಮಗ ಜರ್ಮನಿಯ ಕಲೋನ್ ನಗರದಲ್ಲಿದ್ದಾನೆ, ಬೇಸಿಗೆಯಲ್ಲಿ ನಿಮ್ಮಿಬ್ಬರನ್ನೂ ಐಫೆಲ್ ಎಂಬ ಜ್ವಾಲಾಮುಖಿ ಬೆಟ್ಟಸೀಮೆಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾನೆ. ಅರವತ್ತು ದಾಟಿದವರಿಗೆ ಹತ್ತಲಾದೀತೇ, ನೋಡುವಂಥದ್ದು ಏನಿದೆ, ಅಪಾಯವಿಲ್ಲವೇ, ನಮ್ಮ ಚಾಮುಂಡಿ ಬೆಟ್ಟವೂ ಆರಿದ ಜ್ವಾಲಾಮುಖಿಯೇ ಅಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನಾನು ಮೈಸೂರಿನವನು. ಮಗಳು ಬಾನ್ ನಗರದಲ್ಲಿದ್ದಾಗ ಅವಳ ಮನೆಯಲ್ಲಿ ಉಳಿದು ಈ ಸೀಮೆಯನ್ನು ಸಾಕಷ್ಟು ಸುತ್ತಿದ್ದೇನೆ.

ಹತ್ತುವ ಭಯವನ್ನು ಮೊದಲು ಬಿಡಿ. ಐಫೆಲ್‌ನ ಅತಿ ಎತ್ತರದ ಶಿಖರ ಹೋಹೆ ಆಖ್ಟ್. ಅದರ ಎತ್ತರ 747 ಮೀಟರ್. ನಮ್ಮ ಮೈಸೂರು ನಗರವೇ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಗೆ ಚೌಕಾಸಿ ಮಾಡುವವರು ಐಫೆಲ್‌ನ ನೆತ್ತಿಗಿಂತ ಮೇಲೆಯೇ ನಿಂತಿರುತ್ತಾರೆ. ಮೇಲುಕೋಟೆಯ ಯೋಗಾನರಸಿಂಹಸ್ವಾಮಿಯ ಮೆಟ್ಟಿಲು ಹತ್ತಿ ರೂಢಿಯಿದೆ ಎಂದು ಬರೆದಿದ್ದೀರಿ. ಆ ಕಾಲುಗಳಿಗೆ ಅಲ್ಲಿ ಯಾವ ತೊಂದರೆಯೂ ಆಗದು.

ತೊಂದರೆ ಆಗುವುದು ಕಣ್ಣಿಗೆ. ಜ್ವಾಲಾಮುಖಿ ಎಂದ ಕೂಡಲೇ ನಾವು ಚೂಪು ಶಿಖರವನ್ನೂ ಹೊಗೆಯನ್ನೂ ಹುಡುಕುತ್ತೇವೆ. ಐಫೆಲ್‌ನಲ್ಲಿ ಅವೆರಡೂ ಇಲ್ಲ. ಬೀಚ್ ಮರಗಳ ಕಾಡು, ಹುಲ್ಲುಗಾವಲು, ದನಗಳು, ನಡುನಡುವೆ ಸಣ್ಣ ಊರುಗಳು, ಅಷ್ಟೇ. ಕಾರಿನ ಕಿಟಕಿಯಿಂದ ನೋಡಿ ‘ಇದೇನಾ?’ ಎಂದು ಮೂಗು ಮುರಿದು ವಾಪಸಾದವರನ್ನು ನಾನು ಬಲ್ಲೆ. ಅಲ್ಲಿ ಜ್ವಾಲಾಮುಖಿ ಎಂದರೆ ಹೆಚ್ಚಾಗಿ ಗುಂಡಿ, ಬೆಟ್ಟವಲ್ಲ. ಕೆಳಗಿನಿಂದ ಏರಿ ಬಂದ ಶಿಲಾಪಾಕ, ಅಂದರೆ ನೆಲದಾಳದ ಕರಗಿದ ಕಲ್ಲು, ಅಂತರ್ಜಲವನ್ನು ಮುಟ್ಟಿದಾಗ, ಕಾದ ಎಣ್ಣೆಗೆ ನೀರು ಬಿದ್ದಂತೆ, ಕ್ಷಣದಲ್ಲಿ ಆವಿಯೆದ್ದು ಸ್ಫೋಟವಾಗುತ್ತದೆ. ಮೇಲಿನ ನೆಲ ಪುಡಿಪುಡಿಯಾಗಿ ಹಾರುತ್ತದೆ. ಉಳಿಯುವುದು ದುಂಡನೆಯ ಆಳವಾದ ಕುಳಿ, ಅದರ ಸುತ್ತ ಬೂದಿ ಮತ್ತು ಕಲ್ಲುಪುಡಿಯ ತಗ್ಗಾದ ದಂಡೆ. ಆಮೇಲೆ ಅದರಲ್ಲಿ ನೀರು ತುಂಬಿಕೊಳ್ಳುತ್ತದೆ. ಇಂಥ ಕುಳಿಗೆ ಮಾರ್ ಎನ್ನುತ್ತಾರೆ. ಲೋಕದ ಭೂವಿಜ್ಞಾನಿಗಳೆಲ್ಲ ಬಳಸುವ ಈ ಹೆಸರು ಹೋದದ್ದೇ ಐಫೆಲ್‌ನಿಂದ.

ಒಂದೇ ಒಂದು ನಡಿಗೆಗೆ ಸಮಯವಿದ್ದರೆ ಡೌನ್ ಪಟ್ಟಣಕ್ಕೆ ಹೋಗಿ. ಕಲೋನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ಸಾಕು. ಅಲ್ಲಿ ಮೂರು ಮಾರ್‌ಗಳು ಒಂದರ ಪಕ್ಕ ಒಂದಿವೆ. ಮೊದಲನೆಯದು ಗೆಮ್ಯುಂಡೆನರ್ ಮಾರ್: ಸುತ್ತಲೂ ಕಡಿದಾದ ಕಾಡು, ಒಳಗೆ ಹಸಿರುಗಪ್ಪು ನೀರು, ಬೇಸಿಗೆಯಲ್ಲಿ ಈಜುವ ಮಕ್ಕಳ ಗಲಾಟೆ. ಅಲ್ಲಿಂದ ಕಾಡಿನ ದಾರಿಯಲ್ಲಿ ಮೊಯ್ಸೆಬೆರ್ಗ್ ಗುಡ್ಡ ಏರಬೇಕು. ನೀರಿನ ಮಟ್ಟದಿಂದ ನೆತ್ತಿಗೆ ಸುಮಾರು 150 ಮೀಟರ್ ಏರು, ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯ ಅರ್ಧದಷ್ಟು. 561 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಲಾವಾ ಕಲ್ಲಿನಲ್ಲಿ ಕಟ್ಟಿದ ಡ್ರೋಂಕೆ ಗೋಪುರವಿದೆ. ಅದರ ಮೇಲೆ ನಿಂತು ನೋಡಿದಾಗ ಈ ನೆಲದ ಲೆಕ್ಕ ತಲೆಗೆ ಹತ್ತುತ್ತದೆ. ಕೆಳಗಿನಿಂದ ಗುಡ್ಡ ಎಂದುಕೊಂಡದ್ದು ಕುಳಿಯ ದಂಡೆ, ಕೆರೆ ಎಂದುಕೊಂಡದ್ದು ಸ್ಫೋಟದ ಬಾಯಿ.

ಗೋಪುರದ ಆಚೆ ಇಳಿದರೆ ವೈನ್‌ಫೆಲ್ಡರ್ ಮಾರ್. ನನಗೆ ಇಡೀ ಐಫೆಲ್‌ನಲ್ಲಿ ಇದಕ್ಕಿಂತ ಹಿಡಿಸಿದ ಜಾಗವಿಲ್ಲ. ಇಲ್ಲಿ ಮರಗಳು ಕಡಿಮೆ, ಬರೀ ಹುಲ್ಲಿನ ಇಳಿಜಾರು. ಕೆಳಗೆ 51 ಮೀಟರ್ ಆಳದ ನೀರು. ದಂಡೆಯ ಮೇಲೆ ಬಿಳಿಯ ಸಣ್ಣ ಇಗರ್ಜಿ ಮತ್ತು ಸ್ಮಶಾನ. ಒಂದು ಕಾಲಕ್ಕೆ ಇಲ್ಲಿ ವೈನ್‌ಫೆಲ್ಡ್ ಎಂಬ ಊರಿತ್ತು. 16ನೇ ಶತಮಾನದಲ್ಲಿ ಪ್ಲೇಗ್ ಬಂದು ಊರು ಪಾಳಾಯಿತು, ಇಗರ್ಜಿಯೊಂದೇ ಉಳಿಯಿತು. ಪಕ್ಕದ ಶಾಲ್ಕೆನ್‌ಮೇರೆನ್ ಊರಿನವರ ಸ್ಮಶಾನ ಇಂದಿಗೂ ಇದೇ. ಅದಕ್ಕೇ ಜನ ಇದನ್ನು ಸತ್ತವರ ಮಾರ್ ಎಂದೂ ಕರೆಯುತ್ತಾರೆ. ಇಲ್ಲಿ ಈಜುವಂತಿಲ್ಲ. ರಸ್ತೆ ದಾಟಿ ಇಳಿದರೆ ಮೂರನೆಯದಾದ ಶಾಲ್ಕೆನ್‌ಮೇರೆನರ್ ಮಾರ್. ನೀರಿನ ಅಂಚಿಗೇ ಊರು, ಕಾಫಿ ಮತ್ತು ಹಣ್ಣಿನ ಕೇಕ್ ಸಿಗುವ ಅಂಗಡಿಗಳು. ನಿಧಾನವಾಗಿ ನಡೆದರೂ ಅರ್ಧ ದಿನದಲ್ಲಿ ಇಷ್ಟೂ ಮುಗಿಯುತ್ತದೆ.

ಎರಡನೆಯ ದಿನವಿದ್ದರೆ ಪೂರ್ವ ಐಫೆಲ್‌ನ ಲಾಖರ್ ಸರೋವರ. ಇದು ಬೇರೆ ಜಾತಿಯದು. ಸುಮಾರು 13,000 ವರ್ಷಗಳ ಹಿಂದೆ ಇಲ್ಲಿ ಆದ ಸ್ಫೋಟದ ಬೂದಿ ಉತ್ತರಕ್ಕೆ ಸ್ವೀಡನ್‌ವರೆಗೂ ದಕ್ಷಿಣಕ್ಕೆ ಇಟಲಿಯ ಉತ್ತರಭಾಗದವರೆಗೂ ಸಿಕ್ಕಿದೆ. ಕಾರಿದ ಪ್ಯೂಮಿಸ್ ಎಂಬ ಹಗುರವಾದ ತೂತುಗಲ್ಲು ರೈನ್ ನದಿಗೇ ಅಡ್ಡಗಟ್ಟೆಯಾಗಿ ನಿಂತು, ಕೊನೆಗೆ ಒಡೆದುಕೊಂಡು ಹೋಯಿತು. ಕನ್ನಂಬಾಡಿ ಕಟ್ಟೆಯ ಕೆಳಗೆ ಬಾಳುವ ಮಂಡ್ಯದವರಿಗೆ ಅದರ ಗಾಂಭೀರ್ಯವನ್ನು ವಿವರಿಸಬೇಕಿಲ್ಲ. ಒಳಗಿನ ಶಿಲಾಪಾಕ ಖಾಲಿಯಾಗಿ ನೆಲ ಕುಸಿದ ಕಡೆ ಈಗ ಸರೋವರವಿದೆ. ಸುತ್ತಲಿನ ಕಾಲುದಾರಿ ಎಂಟು ಕಿಲೋಮೀಟರ್‌ನಷ್ಟು, ಬಹುತೇಕ ಸಮತಟ್ಟು. ಪೂರ್ವದ ದಡದಲ್ಲಿ ನೀರಿನೊಳಗಿಂದ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಅದು ಆಳದ ಶಿಲಾಪಾಕದಿಂದ ಬರುವ ಇಂಗಾಲದ ಡೈಆಕ್ಸೈಡ್; ಮೊದಲ ಸಲ ನೋಡುವವರು ಮೀನು ಎಂದುಕೊಳ್ಳುತ್ತಾರೆ. ದಡದಲ್ಲಿರುವ ಮರಿಯಾ ಲಾಖ್ ಮಠ ಸ್ಥಾಪನೆಯಾದದ್ದು 1093ರಲ್ಲಿ. ಆರು ಗೋಪುರಗಳ ಅದರ ಇಗರ್ಜಿಯನ್ನು ತಪ್ಪಿಸಬೇಡಿ. ಅಂಗಳದಲ್ಲಿ ಬಸ್ಸುಗಟ್ಟಲೆ ಜನ ಇಳಿಯುವುದನ್ನು ಮಾತ್ರ ಸಹಿಸಿಕೊಳ್ಳಬೇಕು.

ಹತ್ತಿರದ ಮೆಂಡಿಗ್‌ನಲ್ಲಿ ಮೂವತ್ತು ಮೀಟರ್ ಕೆಳಗೆ ಬಸಾಲ್ಟ್‌ನ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನ, ಹಳೆಯ ಗಣಿಯಿದೆ. ವರ್ಷವಿಡೀ ಚಳಿ, ಸ್ವೆಟರ್ ಬೇಕು. ಮನೆಯವರಿಗೆ ಇದನ್ನು ತೋರಿಸಲೇಬೇಕು ಎನ್ನುತ್ತೇನೆ, ಏಕೆಂದರೆ ಈ ಸೀಮೆಯ ಕಲ್ಲು ಬೀಸುವ ಕಲ್ಲಾಗಿ ರೋಮನ್ನರ ಕಾಲದಿಂದಲೂ ದೂರದೂರಕ್ಕೆ ಹೋಗಿದೆ. ಅನಿಲದ ಗುಳ್ಳೆಗಳಿಂದ ಕಲ್ಲಿನ ತುಂಬ ಸಣ್ಣ ತೂತುಗಳು. ಸವೆದಷ್ಟೂ ಹೊಸ ಅಂಚು ತೆರೆದುಕೊಳ್ಳುತ್ತದೆ. ನಮ್ಮ ಅಜ್ಜಿಯರು ರಾಗಿಕಲ್ಲು ನುಣುಪಾದಾಗಲೆಲ್ಲ ಕುಟ್ಟಿಸುತ್ತಿದ್ದ ತಾಪತ್ರಯ ಅಲ್ಲಿನವರಿಗೆ ಕಡಿಮೆಯೇ ಇದ್ದಿರಬೇಕು. 19ನೇ ಶತಮಾನದಲ್ಲಿ ಅದೇ ಗಣಿಗಳನ್ನು ಬಿಯರ್ ತಂಪಾಗಿಡಲು ಬಳಸಿದರು.

ಆಂಡರ್ನಾಖ್‌ನಲ್ಲಿ 60 ಮೀಟರ್‌ವರೆಗೆ ಚಿಮ್ಮುವ ತಣ್ಣೀರಿನ ಬುಗ್ಗೆಯಿದೆ. ರೈನ್ ನದಿಯಲ್ಲಿ ದೋಣಿಯಲ್ಲಿ ಹೋಗಿ ನೋಡಬೇಕು, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಜನಜಂಗುಳಿ ಬೇಡವೆಂದರೆ ವಾಲೆನ್‌ಬೋರ್ನ್ ಹಳ್ಳಿಯ ಪುಟ್ಟ ಬುಗ್ಗೆ ಸಾಕು. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಕಾದರೆ ಗೊಳಗೊಳ ಸದ್ದು ಮಾಡಿ ಎದ್ದೇಳುತ್ತದೆ. ಸ್ಟ್ರೋನ್ ಊರಿನಲ್ಲಿ 120 ಟನ್ ತೂಕದ ದುಂಡು ಲಾವಾ ಗುಂಡು ರಸ್ತೆಬದಿಯಲ್ಲೇ ಕುಳಿತಿದೆ.

ಅಪಾಯದ ಮಾತು. ಐಫೆಲ್ ಸತ್ತಿಲ್ಲ, ಮಲಗಿದೆ. ಕಡೆಯ ಸ್ಫೋಟವಾದ ಉಲ್ಮೆನ್ ಮಾರ್‌ಗೆ ಸುಮಾರು 11,000 ವರ್ಷ. ಲಾಖರ್ ಸರೋವರದ ಕೆಳಗೆ ಬಹು ಆಳದಲ್ಲಿ ಮಂದವಾದ ಕಂಪನಗಳಿವೆ, ಅದು ಶಿಲಾಪಾಕದ ಚಲನೆ ಇರಬಹುದು ಎಂದು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಹತ್ತಿರದಲ್ಲಿ ಸ್ಫೋಟದ ಸೂಚನೆಯಿಲ್ಲ ಎಂದೂ ಹೇಳಿದರು. ನಿಮ್ಮ ಪ್ರವಾಸಕ್ಕೆ ನಿಜವಾದ ಅಡ್ಡಿ ಮಳೆ. ಜುಲೈನಲ್ಲೂ ಸುರಿಯುತ್ತದೆ, ರೈನ್‌ಕೋಟ್ ಚೀಲದಲ್ಲೇ ಇರಲಿ.

ಚಾಮುಂಡಿ ಬೆಟ್ಟ ಜ್ವಾಲಾಮುಖಿಯಲ್ಲ. ಅದು ಗ್ರಾನೈಟ್. ಕರಗಿದ ಶಿಲೆ ನೆಲದಾಳದಲ್ಲೇ ನಿಧಾನವಾಗಿ ಆರಿ ಗಟ್ಟಿಯಾಗಿ, ಮೇಲಿನ ಪದರ ಸವೆದ ನಂತರ ಹೊರಬಿದ್ದದ್ದು. ಮೆಟ್ಟಿಲ ದಾರಿಯ ಬಂಡೆಗಳಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಬೇಗ ಆರಿದ ಐಫೆಲ್ ಬಸಾಲ್ಟ್‌ನಲ್ಲಿ ಅವು ಬಹಳ ಸಣ್ಣವು. ಹೊರಡುವ ಮುನ್ನ ಒಮ್ಮೆ ಇಲ್ಲಿನ ಬಂಡೆಯನ್ನು ಹತ್ತಿರದಿಂದ ನೋಡಿಟ್ಟುಕೊಳ್ಳಿ, ಅಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಊಟ, ಓಡಾಟ. ಸಸ್ಯಾಹಾರಿಗಳಾದರೆ ಆಲೂಗಡ್ಡೆ ತುರಿದು ಕರಿದ ರೈಬೆಕೂಖೆನ್ ಕೇಳಿ, ಜೊತೆಗೆ ಸೇಬಿನ ಗೊಜ್ಜು ಕೊಡುತ್ತಾರೆ. ಡೆಪ್ಪೆಕೂಖೆ ಎಂಬುದೂ ಆಲೂಗಡ್ಡೆಯದೇ, ಆದರೆ ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸವಿರುತ್ತದೆ. ನೀರು ಎಂದಷ್ಟೇ ಕೇಳಿದರೆ ಗ್ಯಾಸ್ ತುಂಬಿದ್ದು ಬರುತ್ತದೆ. ಗೆರೋಲ್‌ಸ್ಟೈನ್‌ನ ಹೆಸರಾಂತ ನೀರು ಈ ಸೀಮೆಯದೇ. ಡೌನ್‌ಗೆ ಈಗ ರೈಲಿಲ್ಲ, ಹಳೆಯ ಹಳಿಯ ದಾರಿಯನ್ನು ಸೈಕಲ್ ದಾರಿ ಮಾಡಿದ್ದಾರೆ. ಆಂಡರ್ನಾಖ್‌ಗೆ ಕಲೋನ್‌ನಿಂದ ನೇರ ರೈಲುಂಟು, ಮಾಸಿಕ ಜರ್ಮನಿ ಟಿಕೆಟ್ ಪ್ರಾದೇಶಿಕ ರೈಲು, ಬಸ್ ಎರಡಕ್ಕೂ ನಡೆಯುತ್ತದೆ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಹಳ್ಳಿಯ ಬಸ್ಸುಗಳೂ ಕಡಿಮೆ. ಮಗನಿಗೆ ವಾರದ ನಡುವೆ ಎರಡು ದಿನ ರಜೆ ಹಾಕಿ ಕಾರು ಬಾಡಿಗೆಗೆ ಹಿಡಿಯಲು ಹೇಳಿ.