ಹೊಲಿಗೆ ಬೇಕು, ಹೊಲಿದವಳು ಬೇಡ

ಮುಂಬೈ ಹತ್ತಿರದ ಡೊಂಬಿವಲಿಯ ನಿವೃತ್ತ ಮಾಸ್ಟ್ರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಅಮೆರಿಕದ ಲೇಖಕ ಹಾಥಾರ್ನ್ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ (1850) ಕಾದಂಬರಿಯ ಪರಿಚಯ ಓದಿದೆ. ಹೆಸ್ಟರಳನ್ನು ಅಷ್ಟೊಂದು ಹೊಗಳಬೇಕಿತ್ತಾ? ಅವಳದು ಪ್ರೀತಿಯಲ್ಲ, ಹಟ. ನಿಜವಾಗಿ ನೊಂದವನು ಆ ಪಾದ್ರಿ. ಇಂಥ ಕಥೆಯಿಂದ ನಮ್ಮ ಮಕ್ಕಳು ಕಲಿಯುವುದೇನು?”

ಮಾಸ್ಟ್ರೇ, ನಮಸ್ಕಾರ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬಂದ ಹುಡುಗರಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದವರು ನೀವು. ನಿಮಗೆ ಎರಡು ಸಾಲಿನ ಉತ್ತರ ಬರೆಯಲು ಮನಸ್ಸು ಬರಲಿಲ್ಲ.

ಪಾದ್ರಿ ನೊಂದದ್ದು ನಿಜ. ಏಳು ವರ್ಷ ಒಳಗೊಳಗೇ ಬೆಂದ. ಒಪ್ಪಿದೆ. ಆದರೆ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಹದಿನೇಳನೆಯ ಶತಮಾನದ ಬಾಸ್ಟನ್ನಿನ ಪೇಟೆಯ ನಡುವೆ, ಊರೆಲ್ಲ ನೋಡುವ ಹಾಗೆ, ಗಂಡನಲ್ಲದವನಿಂದ ಮಗು ಪಡೆದ ತಪ್ಪಿಗೆ ಹೆಸ್ಟರಳನ್ನು ಕಟ್ಟೆ ಹತ್ತಿಸಿದ್ದಾರೆ. ತೋಳಲ್ಲಿ ಮೂರು ತಿಂಗಳ ಕೂಸು. ಎದೆಯ ಮೇಲೆ ಕೆಂಪು ಬಟ್ಟೆಯ ‘ಎ’ ಅಕ್ಷರ (ಅಡಲ್ಟರಿ, ಅಂದರೆ ಹಾದರದ ಗುರುತು), ಸುತ್ತ ಜರಿ ದಾರದ ಕಸೂತಿ. ಮೇಲೆ ಬಾಲ್ಕನಿಯಲ್ಲಿ ದೊಡ್ಡವರ ಜೊತೆ ನಿಂತು, ಪಾಪದಲ್ಲಿ ಪಾಲುದಾರನ ಹೆಸರು ಹೇಳು ಎಂದು ಅವಳನ್ನು ಕೇಳುವವನು ಯಾರು? ಇದೇ ಪಾದ್ರಿ, ಆ ಕೂಸಿನ ಅಪ್ಪ! ಹೆಸರು ಹೇಳಿ ಪಶ್ಚಾತ್ತಾಪಪಟ್ಟರೆ ಆ ಅಕ್ಷರ ತೆಗೆಸುವ ಮಾತೂ ಬಂತು. ಅವಳು ಬಾಯಿ ಬಿಡಲಿಲ್ಲ. ಇದನ್ನು ಹಟ ಅಂತೀರಾ?

ಪಾದ್ರಿ ಸತ್ತ ಮೇಲೆ ಮಗಳನ್ನು ಕರೆದುಕೊಂಡು ದೂರ ಹೋದವಳು, ಎಷ್ಟೋ ವರ್ಷಕ್ಕೆ ಒಬ್ಬಳೇ ಅದೇ ಊರಿನ ತನ್ನ ಹಳೇ ಮನೆಗೆ ವಾಪಸ್ ಬಂದಳು. ಯಾರೂ ಹೇಳದೆ ಆ ಅಕ್ಷರವನ್ನು ಮತ್ತೆ ಹಾಕಿಕೊಂಡಳು. ಕೊನೆಗೆ ಅವನ ಗೋರಿಯ ಪಕ್ಕದಲ್ಲೇ ಅವಳನ್ನು ಹೂತರು. ಅಲ್ಲೂ ನಡುವೆ ಜಾಗ ಬಿಟ್ಟರು!

ನನಗೆ ಜಾಸ್ತಿ ಸಂಕಟ ಕೊಡುವುದು ಅವಳ ಹೊಲಿಗೆಯ ಕಥೆ. ಊರಿಗೆ ಅವಳು ಬೇಡ, ಅವಳ ಸೂಜಿ ಬೇಕು. ಗವರ್ನರನ ಕೊರಳಪಟ್ಟಿಗೆ, ಕೂಸಿನ ಟೋಪಿಗೆ, ಹೆಣಕ್ಕೆ ಹೊದಿಸುವ ಬಟ್ಟೆಗೂ ಅವಳದೇ ಕೆಲಸ. ಮದುಮಗಳ ಬಿಳಿ ಮುಸುಕನ್ನು ಮಾತ್ರ ಒಮ್ಮೆಯೂ ಅವಳ ಕೈಗೆ ಕೊಡಲಿಲ್ಲ.

ಮುಂಬೈಯ ವಡಾಲದ ನಮ್ಮ ಚಾಳಿನಲ್ಲಿ ಗಂಡನ ಮನೆ ಬಿಟ್ಟು ಬಂದ ಅಕ್ಕ ಒಬ್ಬರಿದ್ದರು, ಕುಂದಾಪುರದ ಕಡೆಯವರು. ಸೀರೆಗೆ ಫಾಲ್ ಹಚ್ಚುವುದು, ಪಿಕೋ, ಬ್ಲೌಸು. ಚಾಳಿನ ಹೆಂಗಸರಿಗೆಲ್ಲ ಅವರೇ ಹೊಲಿಯಬೇಕು. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕರೆಯಲು ಬಂದವರು ಮಾತ್ರ ಅವರ ಬಾಗಿಲು ದಾಟಿ ಪಕ್ಕದ ಬಾಗಿಲು ತಟ್ಟುತ್ತಿದ್ದರು. ಆ ಹೊತ್ತಿಗೆ ಅಕ್ಕ ಮಿಶನ್ ಜೋರಾಗಿ ತುಳಿಯುತ್ತಿದ್ದರು. ಆ ಗಂಡ ಊರ ಜಾತ್ರೆಯಲ್ಲಿ ಮುಂದಿನ ಸಾಲಲ್ಲೇ ನಿಂತು ಪ್ರಸಾದ ತಗೊಳ್ಳುತ್ತಿದ್ದನಂತೆ.

ಎದುರಿಗೆ ನಿಂತರೆ ಗಂಡಸನ್ನೂ ಊರು ಬಿಡುವುದಿಲ್ಲ. 1893ರಲ್ಲಿ ಪುಣೆಯಲ್ಲಿ ಧೋಂಡೋ ಕೇಶವ ಕರ್ವೆ ವಿಧವೆ ಗೋದೂಬಾಯಿಯನ್ನು ಮದುವೆಯಾದರು. ಅವರ ಮನೆತನದ ಊರು ಮುರುಡ್ ಬಹಿಷ್ಕಾರ ಹಾಕಿತು. ಕರ್ವೆ ಹೆಂಡತಿಯನ್ನು ಬಚ್ಚಿಡಲಿಲ್ಲ. ಮುಂದೆ ವಿಧವೆಯರಿಗಾಗಿ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಶುರು ಮಾಡಿದರು. ಪಾದ್ರಿಗೂ ಆ ದಾರಿ ಇತ್ತು, ಮಾಸ್ಟ್ರೇ.

ಈಗ ಪೇಟೆಯಲ್ಲಿ ಕಟ್ಟೆ ಬೇಕಾಗಿಲ್ಲ. ಸೊಸೈಟಿಯ ವಾಟ್ಸಾಪ್ ಗ್ರೂಪ್ ಇದೆ. ಲಿಫ್ಟಿನಲ್ಲಿ ಹುಡುಗ-ಹುಡುಗಿ ಕೈ ಹಿಡಿದುಕೊಂಡರೆ ಸಿಸಿಟಿವಿ ಫೋಟೋ ಗ್ರೂಪಿಗೆ ಬೀಳುತ್ತದೆ. “ಯಾವ ಫ್ಲಾಟಿನವಳು?” ಅಂತ ಮೊದಲ ಪ್ರಶ್ನೆ. ಹುಡುಗ ಯಾವ ಫ್ಲಾಟಿನವನು ಅಂತ ಯಾರೂ ಕೇಳುವುದಿಲ್ಲ. ನಮ್ಮವರೂ ಅಷ್ಟೆ. ಸಂಘದ ಕಪಾಟಿನಲ್ಲಿ ಒಳ್ಳೊಳ್ಳೆ ಕಾದಂಬರಿಗಳು ಬೀಗ ಹಾಕಿ ಕೂತಿವೆ. ಹೊರಗೆ ಕುರ್ಚಿ ಹಾಕಿಕೊಂಡು, ಯಾರ ಮಗಳು ಯಾರ ಜೊತೆ ಹೋದಳು ಅಂತ ಲೆಕ್ಕ ಹಾಕುತ್ತೇವೆ. ನನಗೆ ಸಿಟ್ಟು ಬರುತ್ತದೆ.

ಹಾಥಾರ್ನ್‌ಗೆ ಇಂಥ ಊರು ಚೆನ್ನಾಗಿ ಗೊತ್ತಿತ್ತು. 1692ರಲ್ಲಿ ಅಮೆರಿಕದ ಸೇಲಮ್ಮಿನಲ್ಲಿ ಮಾಟಗಾತಿಯರೆಂದು ಹಿಡಿತಂದವರನ್ನು ವಿಚಾರಿಸಿದ ನ್ಯಾಯಾಧೀಶರಲ್ಲಿ ಅವನ ಪೂರ್ವಜನೂ ಒಬ್ಬ.

ಮಕ್ಕಳು ಕಲಿಯುವುದೇನು ಅಂದಿರಲ್ಲ. ಕಾದಂಬರಿಯ ಶುರುವಿನಲ್ಲಿ, ಹೆಸ್ಟರ್ ಹೊರಗೆ ಬರಲಿ ಅಂತ ಜೈಲಿನ ಬಾಗಿಲಲ್ಲಿ ಹೆಂಗಸರ ಗುಂಪೊಂದು ಕಾಯುತ್ತಿದೆ. ಹಣೆಗೆ ಬರೆ ಹಾಕಬೇಕಿತ್ತು ಅನ್ನುತ್ತಾಳೆ ಒಬ್ಬಳು. ಸಾಯಿಸಬೇಕಿತ್ತು ಅನ್ನುತ್ತಾಳೆ ಇನ್ನೊಬ್ಬಳು. ಮಗುವಿನ ಕೈ ಹಿಡಿದು ನಿಂತ ಸಣ್ಣ ಪ್ರಾಯದವಳು ಮಾತ್ರ, ಗುರುತು ಮುಚ್ಚಿಕೊಂಡರೂ ನೋವು ಅವಳ ಎದೆಯಲ್ಲೇ ಇರುತ್ತದಲ್ಲ ಅನ್ನುತ್ತಾಳೆ. ಏಳು ವರ್ಷದ ನಂತರ ಅದೇ ಮುಖಗಳು ಹೆಸ್ಟರಳನ್ನು ನೋಡಲು ಮತ್ತೆ ಸೇರುತ್ತವೆ. ಆ ಸಣ್ಣವಳು ಇಲ್ಲ. ಅವಳ ಹೆಣಕ್ಕೆ ಹೊದಿಸಿದ ಬಟ್ಟೆಯನ್ನು ಹೆಸ್ಟರೇ ಹೊಲಿದಿದ್ದಳು. ಹಾಥಾರ್ನ್ ಇದನ್ನು ಅರ್ಧ ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಮಕ್ಕಳಿಗೆ ಆ ಸಾಲು ಓದಿಸಿ.

ಪಾದ್ರಿಯ ಪರವಾಗಿ ನೀವು ಬರೆಯುವುದಾದರೆ ಎರಡು ಪುಟ ಕೊಡುತ್ತೇನೆ. ಬಾಲ್ಕನಿಯಲ್ಲಿ ನಿಂತು ಅವನು ಆ ಪ್ರಶ್ನೆ ಹೇಗೆ ಕೇಳಿದ ಅನ್ನುವುದರಿಂದಲೇ ಶುರು ಮಾಡಿ.

— ಸಂಪಾದಕ