ಅಜ್ಜಿ ಅಳತೆ ಹೇಳುವುದೇ ಇಲ್ಲ, ಡೆವಿಲ್ಡ್ ಎಗ್ ಕಲಿಯುವುದು ಹೇಗೆ?

ಮನೆಯಲ್ಲಿ ನಾಲ್ಕು ಜನ ಸೇರಿದರೆ ಊಟಕ್ಕೆ ಮೊದಲು ಅಜ್ಜಿಯ ಡೆವಿಲ್ಡ್ ಎಗ್ (ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಹಳದಿಯನ್ನು ತೆಗೆದು ಕಲಸಿ, ಮತ್ತೆ ಬಿಳಿಯೊಳಗೆ ತುಂಬುವ ತಿಂಡಿ) ಬರಲೇಬೇಕು, ಆದರೆ ಅಳತೆ ಕೇಳಿದರೆ 'ಕಣ್ಣಂದಾಜು' ಅಂತಾರೆ, ಬರೆದಿಟ್ಟುಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನಾನು ಇದನ್ನು ನಮ್ಮಜ್ಜನ ಪಕ್ಕದಲ್ಲಿ ನಿಂತು ಕಲಿತೆ. ಅವರೂ ಅಳತೆ ಹೇಳುತ್ತಿರಲಿಲ್ಲ. ಹಾಗಾಗಿ ಕೇಳುವುದನ್ನು ಬಿಡಿ, ಅವರು ಹಾಕಿದ್ದನ್ನು ತೂಗಿ.

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಅದರ ಮೇಲೆ ಬಟ್ಟಲಿಟ್ಟು, ಸೊನ್ನೆ ಮಾಡಿ, ಅಜ್ಜಿ ಅದರಲ್ಲೇ ಕಲಸಲಿ. ಮೊದಲು ಹಳದಿಯ ತೂಕ ಬರೆದುಕೊಳ್ಳಿ. ಆಮೇಲೆ ಒಂದೊಂದು ಪದಾರ್ಥ ಬಿದ್ದ ಹಾಗೆ ಅಂಕಿ ನೋಡಿ. ಉಪ್ಪಿನ ಚಿಟಿಕೆ ಇಂಥ ತಕ್ಕಡಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದನ್ನು ಮೊದಲು ತಟ್ಟೆಗೆ ಹಾಕಿಸಿ, ಕಾಲು ಚಮಚದಲ್ಲಿ ಅಳೆದು, ಆಮೇಲೆ ಬಟ್ಟಲಿಗೆ ಸುರಿಯಿರಿ.

ಹೋಲಿಸಿ ನೋಡಲು ಒಂದು ಮಾಮೂಲಿ ಅಳತೆ ಹೇಳುತ್ತೇನೆ. 6 ಮೊಟ್ಟೆಯ ಹಳದಿಗೆ 3 ದೊಡ್ಡ ಚಮಚ ಮೇಯನೇಸ್, ಸಾಸಿವೆ ಪೇಸ್ಟ್ ಮತ್ತು ವಿನೆಗರ್ ಒಂದೊಂದು ಸಣ್ಣ ಚಮಚ, ಉಪ್ಪು, ಕಾಳುಮೆಣಸಿನ ಪುಡಿ. ಮೇಲೆ ಪ್ಯಾಪ್ರಿಕಾ, ಅಂದರೆ ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ. ನಿಮ್ಮ ಅಜ್ಜಿ ಎಲ್ಲಿ ಇದರಿಂದ ಬೇರೆಯಾಗುತ್ತಾರೋ ಅಲ್ಲೇ ನಿಮ್ಮ ಮನೆ ರುಚಿ ಇರುವುದು. ನಮ್ಮಜ್ಜ ಹಳದಿಯನ್ನು ಜರಡಿಯಲ್ಲಿ ಒತ್ತಿ ಇಳಿಸುತ್ತಿದ್ದರು. ಪುಡಿ ಒಣಕಲು ಅನ್ನಿಸಿದರೆ ಮಾತ್ರ ಮೇಯನೇಸ್ ಇನ್ನೊಂದು ಚೂರು ಹಾಕುವುದು. ಕಣ್ಣಂದಾಜು ಅಂದರೆ ಇದೇ. ಸುಮ್ನೆ ಕೈಗೆ ಬಂದಷ್ಟು ಹಾಕುವುದಲ್ಲ.

ಮೊಟ್ಟೆ ಬೇಯಿಸುವ ಕೆಲಸ ನೀವೇ ವಹಿಸಿಕೊಳ್ಳಿ, ಬಿಸಿನೀರಿನ ಪಾತ್ರೆ ಅವರು ಎತ್ತುವುದು ಬೇಡ. ತೀರಾ ತಾಜಾ ಮೊಟ್ಟೆ ತರಬೇಡಿ. ವಾರ, ಹತ್ತು ದಿನ ಫ್ರಿಜ್ಜಿನಲ್ಲಿದ್ದದ್ದು ಒಳ್ಳೆಯದು. ದಿನ ಕಳೆದಂತೆ ಸಿಪ್ಪೆಯ ಸಣ್ಣ ರಂಧ್ರಗಳಿಂದ ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಬಿಳಿಯ ಕ್ಷಾರ ಗುಣ ಹೆಚ್ಚುತ್ತದೆ. ಆಗ ಒಳಪೊರೆ ಬಿಳಿಗೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ಕುದಿಯುವ ನೀರಿಗೇ ಮೆಲ್ಲಗೆ ಇಳಿಸಿ, ಉರಿ ತಗ್ಗಿಸಿ 11-12 ನಿಮಿಷ ಬೇಯಿಸಿ. ತಕ್ಷಣ ಐಸ್ ನೀರಿಗೆ ಹಾಕಿ. ಜಾಸ್ತಿ ಬೆಂದರೆ ಬಿಳಿಯಲ್ಲಿನ ಗಂಧಕ, ಹಳದಿಯಲ್ಲಿನ ಕಬ್ಬಿಣ ಸೇರಿ ಹಳದಿಯ ಸುತ್ತ ಹಸಿರು ಉಂಗುರ ಕಟ್ಟುತ್ತದೆ. ತಿಂದರೆ ಏನೂ ಆಗದು, ಆದರೆ ಹೂರಣದ ಬಣ್ಣ ಕೆಡುತ್ತದೆ. ಸಿಪ್ಪೆಯನ್ನು ಅಗಲ ತುದಿಯಿಂದ ಬಿಡಿಸಿ, ಅಲ್ಲಿ ಗಾಳಿ ಇರುವುದರಿಂದ ಉಗುರು ಹೋಗಲು ಜಾಗ ಸಿಗುತ್ತದೆ. ಅಜ್ಜಿಯ ಬೆರಳು ನೋಯುತ್ತಿದ್ದರೆ ಇದೂ ನಿಮ್ಮದೇ ಕೆಲಸ. ಕೂತು ಕಲಸುವುದು, ರುಚಿ ನೋಡುವುದು ಅವರಿಗಿರಲಿ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ವಯಸ್ಸಾದಂತೆ ನಾಲಿಗೆ, ಮೂಗು ಎರಡೂ ಮಂದವಾಗುತ್ತವೆ. ಇವತ್ತು ಅಜ್ಜಿ ಹಾಕುವ ಉಪ್ಪು ನೀವು ಚಿಕ್ಕಂದಿನಲ್ಲಿ ತಿಂದ ಉಪ್ಪಿಗಿಂತ ಹೆಚ್ಚಿರಬಹುದು. ಅದನ್ನು ಅವರಿಗೆ ಎತ್ತಿ ಆಡಬೇಡಿ. ಅವರ ಅಳತೆ ಹಾಗೇ ಬರೆದುಕೊಳ್ಳಿ, ಪಕ್ಕದಲ್ಲಿ ನಿಮ್ಮ ನೆನಪಿನ ರುಚಿಗೆ ಬೇಕಾದದ್ದನ್ನೂ ಬರೆಯಿರಿ. ತಣ್ಣಗೆ ಬಡಿಸುವುದಾದರೆ ಉಪ್ಪು, ಹುಳಿ ಒಂದು ಕಾಳು ಮುಂದಿರಲಿ, ತಣ್ಣಗಾದಾಗ ರುಚಿ ತಗ್ಗುತ್ತದೆ. ತುಂಬಿದ ಮೊಟ್ಟೆಯನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ.

ಮುಂದಿನ ಸಲ ಪೂರ್ತಿ ನೀವೇ ಮಾಡಿ, ಅಜ್ಜಿಗೆ ಒಂದು ತುಂಡು ಕೊಟ್ಟು ಏನು ಕಮ್ಮಿ ಅಂತ ಕೇಳಿ. ಎಷ್ಟು ಹಾಕಬೇಕು ಅಂದರೆ ಸುಮ್ಮನಾಗುವವರು, ಏನು ಕಮ್ಮಿ ಅಂದರೆ ತಟ್ಟನೆ ಹೇಳುತ್ತಾರೆ. ಅದನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.